ಬೇಸ್ ವಾದಕನ ನಾಲ್ಕು ಸ್ವರ

"ಯಾರ ಕಿವಿಗೂ ಬೀಳದ ವಾದ್ಯವನ್ನು ನಾನೇಕೆ ನುಡಿಸಬೇಕು, ಮಾಸ್ತರೇ?" ಎಂದು ಜ್ಞಾನಮಿತ್ರ ಕೇಳಿದ. ಅವನು ಒಂದು ಬ್ಯಾಂಡಿನಲ್ಲಿ, ಹಾಡಿನ ತಳದ ಮಂದ್ರ ಸ್ವರಗಳನ್ನು ಹಿಡಿಯುವ ಬೇಸ್ ಗಿಟಾರ್ ನುಡಿಸುತ್ತಿದ್ದ. ಕಾರ್ಯಕ್ರಮ ಮುಗಿದ ಮೇಲೆ ಜನ ಗಾಯಕಿಯನ್ನು ಮುತ್ತಿಕೊಳ್ಳುತ್ತಿದ್ದರು. ಇವನು ವೈರು ಸುತ್ತುತ್ತ ನಿಂತಿರುತ್ತಿದ್ದ.

ಅವನಿಗೆ ಸಂಗೀತ ಕಲಿಸಿದ ಎಲೀಷ ಮಾಸ್ತರು ಒಂದು ಕತೆ ಹೇಳಿದರು.

ಕಡಲಾಚೆ ಒಂದು ಕಾರ್ಖಾನೆಯ ಊರು. ಅಲ್ಲಿನ ಕಪ್ಪು ಜನ ಚರ್ಚಿನಲ್ಲಿ ದೇವರನ್ನು ಕರೆದ ಕಂಠದಲ್ಲೇ ಪ್ರೀತಿಯನ್ನೂ ಅಗಲಿಕೆಯನ್ನೂ ಹಾಡುತ್ತಿದ್ದರು. ಆ ಹಾಡುಗಾರಿಕೆಗೆ ಇಂಗ್ಲಿಷಿನಲ್ಲಿ ಸೋಲ್, ಅಂದರೆ ಆತ್ಮ, ಎಂದು ಹೆಸರು. ಅಲ್ಲೊಬ್ಬ ಬೇಸ್ ವಾದಕನಿದ್ದ. ಒಬ್ಬ ಗಾಯಕಿಯ ಹಾಡುಗಳಿಗೆಲ್ಲ ಅವನೇ ನುಡಿಸುತ್ತಿದ್ದ. ರೆಕಾರ್ಡಿನ ಮೇಲೆ ಅವಳ ಹೆಸರಿರುತ್ತಿತ್ತು, ಅವನದಿರುತ್ತಿರಲಿಲ್ಲ. ಕ್ಷೌರದಂಗಡಿಯ ರೇಡಿಯೊದಲ್ಲಿ ಆ ಹಾಡು ಬಂದರೆ ಎಲ್ಲರೂ ಅವಳನ್ನು ಹೊಗಳುವರು. ನುಡಿಸಿದವನು ನಾನು ಎಂಬ ಮಾತು ಅವನ ನಾಲಿಗೆಯ ತುದಿಗೆ ಬರುತ್ತಿತ್ತು. ಹೇಳುತ್ತಿರಲಿಲ್ಲ. ಅವನಿಗೆ ಊಟ ಸೇರದಾಯಿತು. ಕೂತಲ್ಲಿ ಕೂರಲಾರ, ನಿಂತಲ್ಲಿ ನಿಲ್ಲಲಾರ. ಕಡೆಗೆ, ಮುಂದಿನ ಹಾಡಿನ ಆರಂಭವನ್ನು ಯಾರೂ ಮರೆಯಲಾಗದಂತೆ ನುಡಿಸಬೇಕೆಂದು ತೀರ್ಮಾನಿಸಿದ. ಬೆರಳಲ್ಲಿ ಬೊಬ್ಬೆ ಏಳುವವರೆಗೆ ಸಾಧನೆ ಮಾಡಿದ.

ರೆಕಾರ್ಡಿಂಗಿನ ದಿನ ಗಾಯಕಿ ಬಂದಳು. ತಂಗಿಯನ್ನು ಮಣ್ಣು ಮಾಡಿ ಮೂರು ದಿನವಾಗಿತ್ತು. ಹಾಡು ಅಗಲಿಕೆಯದು. ವಾದಕ ತಾನು ಸಾಧಿಸಿದ್ದನ್ನೆಲ್ಲ ಭರಭರನೆ ನುಡಿಸಿದ. ಅವಳು ಬಾಯಿ ತೆರೆದಳು, ದನಿ ಹೊರಡಲಿಲ್ಲ. ಇನ್ನೂ ಜೋರಾಗಿ ನುಡಿಸಿದ. ಆಗಲೂ ಹೊರಡಲಿಲ್ಲ. ಸ್ಟುಡಿಯೊದ ಯಜಮಾನ ಗಡಿಯಾರ ನೋಡಿ, "ಇನ್ನೊಂದೇ ಸಲ. ಆಗದಿದ್ದರೆ ಬೇರೆಯವಳನ್ನು ಕರೆಸುತ್ತೇನೆ" ಎಂದ.

ವಾದಕ ಅಂದು ಮೊದಲ ಬಾರಿಗೆ ಅವಳ ಕಡೆ ನೋಡಿದ. ಅವಳ ಭುಜ ನಡುಗುತ್ತಿತ್ತು. ಅವನು ನಾಲ್ಕೇ ಸ್ವರ ನುಡಿಸಿ ನಿಲ್ಲಿಸಿದ. ಪುನಃ ಅದೇ ನಾಲ್ಕು, ಪುನಃ ಮೌನ. ಬೆರಳು ಚಡಪಡಿಸುತ್ತಿತ್ತು, ಆದರೂ ಐದನೆಯ ಸ್ವರವನ್ನು ಸೇರಿಸಲಿಲ್ಲ. ಆರನೆಯ ಸುತ್ತಿನ ಮೌನದಲ್ಲಿ ಅವಳ ದನಿ ಬಂತು. ನಡುವೆ ಒಂದು ಸಾಲಿನಲ್ಲಿ ಅವಳ ದನಿ ಮುರಿದಾಗ ಅವನು ಒಂದು ಮಂದ್ರ ಸ್ವರವನ್ನು ಹಿಡಿದು, ಅವಳು ಚೇತರಿಸಿಕೊಳ್ಳುವವರೆಗೂ ಬಿಡಲಿಲ್ಲ.

ಹಾಡು ಮುಗಿದ ಮೇಲೆ ಅವಳು ಅವನ ಬಳಿ ಬಂದು, "ನೀನು ಕಾಯದಿದ್ದರೆ ಇವತ್ತು ನನ್ನಿಂದ ಆಗುತ್ತಿರಲಿಲ್ಲ" ಎಂದಳು.

ಆ ಹಾಡು ದೇಶವೆಲ್ಲ ತಿರುಗಿತು. ರೆಕಾರ್ಡಿನ ಮೇಲೆ ಅವನ ಹೆಸರು ಆಗಲೂ ಬರಲಿಲ್ಲ. ದೊಡ್ಡ ಊರಿನಿಂದ ಗಾಯಕಿಗೆ ಹಾಡಲು ಕರೆ ಬಂದಾಗ, ಅವನು ಬಂದರೆ ಮಾತ್ರ ಬರುತ್ತೇನೆ ಎಂದಳು. ಅಷ್ಟಕ್ಕೇ ಅವನ ಚಡಪಡಿಕೆ ಪೂರ್ತಿ ಅಡಗಿತೆಂದು ನಾನು ಹೇಳಲಾರೆ.

ಮಾಸ್ತರು ಇಲ್ಲಿಗೆ ನಿಲ್ಲಿಸಿದರು. ಜ್ಞಾನಮಿತ್ರನಿಗೆ ಸಮಾಧಾನವಾಗಲಿಲ್ಲ. "ಅವಳೊಬ್ಬಳಿಗೆ ತಿಳಿಯಿತು, ನಿಜ. ಆದರೆ ನಾನು ನುಡಿಸಿದ್ದು ಜನಕ್ಕೆ ಕೇಳಿಸುವುದು ಯಾವಾಗ?" ಎಂದ.

"ನಿಮ್ಮ ಗಾಯಕಿ ಹಾಡಿನಲ್ಲಿ ಎಲ್ಲೆಲ್ಲಿ ಉಸಿರು ಎಳೆದುಕೊಳ್ಳುತ್ತಾಳೆ, ಹೇಳು" ಎಂದರು ಮಾಸ್ತರು. ಜ್ಞಾನಮಿತ್ರ ಹಾಡನ್ನು ಮನಸ್ಸಿನಲ್ಲೇ ಹಾಡಿಕೊಂಡು ನೋಡಿದ; ತಾನು ನುಡಿಸಿದ ಸ್ವರಗಳೆಲ್ಲ ನೆನಪಾದವು, ಅವಳು ಉಸಿರು ಎಳೆದುಕೊಂಡ ಜಾಗ ಒಂದೂ ನೆನಪಾಗಲಿಲ್ಲ.