ಹಗ್ಗದ ಹಬ್ಬ

ಏಳು ಗುಡ್ಡ ಹತ್ತಿಳಿದು, ಎಂಟನೆಯದರ ನೆತ್ತಿಯಲ್ಲಿ ಉಸಿರು ಸಾಲದೆ ಕೂತರೆ ಕೆಳಗೆ ಕಾಣುವುದೇ ಕಗ್ಗೂರು ರಾಜ್ಯ. ಕೂತು ನೋಡಿ ಬಂದವರ ಮಾತಿದು ಮಕ್ಕಳೇ, ಕೂದಲಷ್ಟೂ ಸುಳ್ಳಿಲ್ಲ.

ಆ ಊರ ನಡುವೆ ಒಂದು ಬಾವಿ. ಅದರಲ್ಲಿದ್ದದ್ದು ನೀರಲ್ಲ, ನೆಲದೆಣ್ಣೆ! ಸೇದಿದರೆ ಕಪ್ಪಗೆ ಬರುತ್ತಿತ್ತು, ಹಚ್ಚಿದರೆ ಧಗಧಗ ಉರಿಯುತ್ತಿತ್ತು. ಒಲೆಗೂ ಅದೇ, ದೀಪಕ್ಕೂ ಅದೇ. ಆ ಬೆಳಕಿಗೆ ಕೋಳಿಗಳು ಬೆಳಗಾಯಿತೆಂದು ಇರುಳೆಲ್ಲ ಕೂಗಿ, ಗಂಟಲು ಕಟ್ಟಿ, ನಿಜವಾದ ಬೆಳಗಿನಲ್ಲಿ ಗೊರಕೆ ಹೊಡೆಯುತ್ತಿದ್ದವು. ಮಿಂಚುಹುಳುಗಳಂತೂ ನಾಚಿಕೊಂಡು ಪಕ್ಕದ ರಾಜ್ಯಕ್ಕೆ ಗುಳೆ ಹೋದವು.

ಅಲ್ಲಿನವರ ದೊಡ್ಡ ಹಬ್ಬ ಹಗ್ಗದ ಹಬ್ಬ. ವರ್ಷಕ್ಕೊಮ್ಮೆ ಬಾವಿಯ ಹಗ್ಗಕ್ಕೆ ಹೊಸದೊಂದು ತುಂಡು ಗಂಟು ಹಾಕುವರು. ಗಂಟಿಗೆ ಅರಿಸಿನ ಹಚ್ಚುವರು. ಹೋಳಿಗೆ ಉಣ್ಣುವರು. "ಹಗ್ಗ ಬೆಳೆಯಿತು, ಭಾಗ್ಯ ಬೆಳೆಯಿತು!" ಎಂದು ಕುಣಿಯುವರು. ಹಗ್ಗ ಯಾಕೆ ಬೆಳೆಯಬೇಕಾಯಿತು ಎಂದು ಬಾಯಿತುಂಬ ಹೋಳಿಗೆ ಇದ್ದವರು ಕೇಳುವುದುಂಟೇ?

ಕೇಳಿದವನು ರಾಜ ಮುದ್ದರಸ. ಅದೂ ಮೊಮ್ಮಗಳು ಹುಟ್ಟಿದ ಮೇಲೆ. ಕೂಸು ಹೊನ್ನವ್ವ ದೀಪ ಕಂಡರೆ ನಗುತ್ತಿದ್ದಳು, ದೀಪ ಸರಿಸಿದರೆ ಅಳುತ್ತಿದ್ದಳು. ತೊಟ್ಟಿಲು ತೂಗುತ್ತಿದ್ದ ಅಜ್ಜ ಯೋಚಿಸಿದ: ನನ್ನ ಕಾಲ ಹೇಗೋ ಕಳೆಯಿತು, ಈ ಕೂಸು ದೊಡ್ಡವಳಾಗುವಾಗ ಬಾವಿಯಲ್ಲಿ ಏನಿರುತ್ತೆ?

ಬಾವಿಯ ಪಾರುಪತ್ಯಗಾರ ಕೆಂಗಯ್ಯನನ್ನು ಕರೆಸಿದ. "ಎಣ್ಣೆ ಇಳಿಯುತ್ತಿದೆಯೇನಯ್ಯ?"

"ಎಲ್ಲಾದರೂ ಉಂಟೇ ಮಹಾಸ್ವಾಮಿ! ನಿಮ್ಮ ಅಜ್ಜನ ಕಾಲದಲ್ಲಿ ಎಲ್ಲಿತ್ತೋ ಅಲ್ಲೇ ಇದೆ."

ಮರುದಿನ ಕೇಳಿದ. ಅದೇ ಉತ್ತರ. ಅದರ ಮರುದಿನವೂ ಕೇಳಿದ. ಅದೇ ಉತ್ತರ, ಜೊತೆಗೊಂದು ಹಲ್ಲುಕಿಸಿತ.

ರಾಜ ಕೂಸನ್ನು ಹೆಗಲಿಗೆ ಹಾಕಿಕೊಂಡು ಊರಾಚೆ ನಡೆದ. ಅಲ್ಲೊಂದು ಮುದಿ ಹೊಂಗೆ ಮರ, ಪಕ್ಕದಲ್ಲಿ ಹುಲ್ಲು ಮುಚ್ಚಿದ ಗಾಣ, ನೆರಳಲ್ಲಿ ಗಾಣದೆತ್ತು ಕೌಲ. ನೆಲದೆಣ್ಣೆ ಬಂದಮೇಲೆ ಹೊಂಗೆಬೀಜದ ಎಣ್ಣೆ ಯಾರಿಗೂ ಬೇಡವಾಗಿತ್ತು. ಉಳಿದ ತೋಪನ್ನೆಲ್ಲ ಕೆಂಗಯ್ಯ ಹಬ್ಬದ ಬಯಲಿಗೆಂದು ಕಡಿಸಿದ್ದ.

"ಏನು ಮುದ್ದಪ್ಪ, ಮುಖ ಹಿಂಡಿದ ಬಟ್ಟೆ ಹಾಗಾಗಿದೆ?" ಎಂದಿತು ಎತ್ತು. ಆ ಕಾಲದ ಎತ್ತುಗಳಿಗೆ ರಾಜರೆಂದರೆ ಅಷ್ಟೇನೂ ಅಂಜಿಕೆ ಇರಲಿಲ್ಲ.

ರಾಜ ಎಲ್ಲ ಹೇಳಿಕೊಂಡ. ಕೌಲ ಮೆಲುಕು ನಿಲ್ಲಿಸಿತು.

"ಎಣ್ಣೆ ಅಲ್ಲೇ ಇದ್ದರೆ ಅಜ್ಜನ ಹಗ್ಗವೇ ಸಾಕಲ್ಲಪ್ಪ! ಸೇದಿಸಿ ನೋಡು."

ಹಬ್ಬ ಬಂತು. ಊರೆಲ್ಲ ನೆರೆಯಿತು, ಕೌಲನೂ ಬಂದು ನಿಂತಿತು. ಕೆಂಗಯ್ಯ ಹೊಸ ಹಗ್ಗ ತಂದ.

"ಅದಿರಲಿ," ಎಂದ ರಾಜ. "ಇವತ್ತು ಕೊಡವನ್ನು ನಮ್ಮ ಅಜ್ಜನ ಗಂಟಿನವರೆಗೆ ಮಾತ್ರ ಇಳಿಸು."

ಇಳಿಸಿದ. ಕೊಡ ಬರಿದಾಗಿ ಬಂತು.

"ಅಪ್ಪನ ಗಂಟಿನವರೆಗೆ ಇಳಿಸು."

ಬರಿದಾಗಿ ಬಂತು.

"ಹೋದ ವರ್ಷದ ಗಂಟಿನವರೆಗೆ ಇಳಿಸು."

ಕೆಳಗೆ ಠಣ್ಣೆಂದಿತು. ಮೇಲೆ ಬಂದ ಕೊಡದ ತಳಕ್ಕೆ ಒಂದಿಷ್ಟು ಕಪ್ಪು ಕೆಸರು ಮೆತ್ತಿತ್ತು. ಊರವರ ಬಾಯಲ್ಲಿದ್ದ ಹೋಳಿಗೆ ಬಾಯಲ್ಲೇ ಉಳಿಯಿತು.

"ಇನ್ನೊಂದು ತುಂಡು ಹಾಕಿದರೆ..." ಎಂದು ತೊದಲಿದ ಕೆಂಗಯ್ಯ.

"ಬಾವಿಯ ತಳಕ್ಕೂ ಗಂಟು ಹಾಕ್ತೀಯೇನೋ?" ಎಂದಿತು ಕೌಲ.

ಕೆಂಗಯ್ಯ ದೊಪ್ಪನೆ ಕಾಲಿಗೆ ಬಿದ್ದ. "ತಪ್ಪಾಯಿತು ಮಹಾಸ್ವಾಮಿ! ಮುಗಿದ ದಿನ ಎಲ್ಲರೂ ನನ್ನ ಬಾಗಿಲಿಗೇ ಬರಲಿ ಅಂತ ಮನೆಯಲ್ಲಿ ಹಂಡೆ ಹಂಡೆ ತುಂಬಿಟ್ಟಿದ್ದೇನೆ."

ಜನ ಹೊಡೆಯಲು ಎದ್ದರು. ರಾಜ ತಡೆದ. "ಹೊಡೆದರೆ ಮರ ಬೆಳೆಯುತ್ತದೆಯೇ? ಹೊಂಗೆ ತೋಪು ಮತ್ತೆ ಬೆಳೆಸೋಣ. ಹಂಡೆಗಳ ಎಣ್ಣೆ ಮನೆಗೊಂದು ದೀಪಕ್ಕೆ ಮಾತ್ರ, ಹೊಂಗೆ ಕಾಯಿ ಬಿಡುವವರೆಗೆ. ಒಲೆಗೆ ಪುಳ್ಳೆ ಆಯ್ದು ತನ್ನಿ."

ಮುದಿ ಮರದ ಬೀಜ ಬಿತ್ತಿದರು. ಉದ್ದದ ಹಗ್ಗವನ್ನು ತುಂಡು ಮಾಡಿ ಸಸಿಗಳಿಗೆ ಊರುಗೋಲು ಕಟ್ಟಿದರು. ನೀರು ಹೊರುವ ಕೆಲಸ ಕೆಂಗಯ್ಯನದು, ಮೇಲುಸ್ತುವಾರಿ ಕೌಲನದು. "ಬೇಗ ಬಾರಪ್ಪ, ಗಿಡಕ್ಕೆ ಬಾಯಾರಿದೆ!"

ಮರಗಳು ಕಾಯಿ ಬಿಡುವ ಹೊತ್ತಿಗೆ ಹೊನ್ನವ್ವ ಲಂಗ ಎತ್ತಿಕೊಂಡು ಓಡಾಡುತ್ತಿದ್ದಳು. ಗಾಣ ತಿರುಗಿತು, ಹೊಸ ಎಣ್ಣೆ ಇಳಿಯಿತು, ದೀಪ ಹಚ್ಚಿದರು. ಬೆಳಕು ಮೊದಲಿನಷ್ಟಿಲ್ಲ, ಒಂದು ಚಾಪೆಯಗಲ ಅಷ್ಟೇ. ಎಲ್ಲರೂ ಆ ಚಾಪೆಗೇ ಸರಿದು ಕೂತರು.

"ಕತ್ತಲೆ ಜಾಸ್ತಿ ಆಯಿತೇನವ್ವ?" ಎಂದ ಅಜ್ಜ, ಮೆಲ್ಲಗೆ.

"ಇಲ್ಲಜ್ಜ, ನೀನು ಹತ್ತಿರ ಬಂದೆಯಲ್ಲ," ಎಂದು ಅವನ ತೊಡೆಗೆ ತಲೆಯಿಟ್ಟಳು. ಕಿಟಕಿಯಾಚೆ ಮಿಂಚುಹುಳುಗಳು, ಗಂಟುಮೂಟೆ ಸಮೇತ, ವಾಪಸು ಬರುತ್ತಿದ್ದವು.

ತಿಳೀತೇನ್ರೋ ಮಕ್ಕಳೇ? ನೆಲದೊಳಗಿನದು ಒಂದು ದಿನ ಮುಗಿಯುತ್ತದೆ. ಮುಗಿಯುವುದನ್ನು ಮುಚ್ಚಿಡಬಾರದು, ಇರುವಾಗಲೇ ಹಂಚಿಕೊಂಡು ಮುಂದಿನವರಿಗೆಂದು ನೆಡಬೇಕು. ನಂಬದವರು ಆ ಎಂಟನೆಯ ಗುಡ್ಡ ಹತ್ತಿ ನೋಡಿ ಬನ್ನಿ.