ಪಳಂಗಪ್ಪ ಕೇಪು ತಂದದ್ದು

ಕೊಡಗಿನ ಒಂದೂರಲ್ಲಿ ದೇಚವ್ವ ಅಂತ ಒಬ್ಬಳಿದ್ದಳು. ಗುರಿ ಅಂದರೆ ದೇಚವ್ವನ ಗುರಿ. ಮರದ ತುದಿಯಲ್ಲಿ ಕಟ್ಟಿದ ತೆಂಗಿನಕಾಯಿಯನ್ನು ಒಂದೇ ಗುಂಡಿಗೆ ಚೂರು ಮಾಡುವವಳು. ಗಂಡ ತೀರಿಹೋಗಿದ್ದ. ಅವನು ಬಿಟ್ಟುಹೋದದ್ದು ಎರಡೇ. ಒಂದು ಹಳೇ ಕೇಪಿನ ಕೋವಿ, ಇನ್ನೊಂದು ಮಗ ಪಳಂಗಪ್ಪ.

ಕೋವಿಗೆ ಮದ್ದು ಹಾಕಿದರೆ ಹೋಗುವ ಕಡೆ ಹೋಗುತ್ತಿತ್ತು. ಪಳಂಗಪ್ಪನಿಗೆ ಮಾತು ಹಾಕಿದರೆ ಎಲ್ಲಿಗೆ ಹೋಗುತ್ತದೋ ದೇವರಿಗೇ ಗೊತ್ತು. ಆಳು ನೋಡಿದರೆ ಆರಡಿ, ಕೆಲಸಕ್ಕೆ ಸೋಮಾರಿಯಲ್ಲ, ಹೇಳಿದ್ದನ್ನು ಹೇಳಿದ ಹಾಗೇ ಮಾಡುತ್ತಿದ್ದ. ಕಷ್ಟ ಇದ್ದದ್ದೇ ಅಲ್ಲಿ. ಒಮ್ಮೆ ದೇಚವ್ವ, "ಮಗಾ, ಕೋವಿಯ ಕುದುರೆ ಒಣಗಿದೆ, ಸ್ವಲ್ಪ ನೋಡಿಕೋ" ಅಂದಳು. ಕೇಪಿನ ತಲೆಗೆ ಬಂದು ಕುಟ್ಟುತ್ತದಲ್ಲ, ಆ ಕಬ್ಬಿಣಕ್ಕೆ ಕುದುರೆ ಅನ್ನುತ್ತಾರೆ. ಎಣ್ಣೆ ಹಚ್ಚಲಿ ಅಂತ ಅವಳ ಮಾತು. ಸಂಜೆ ನೋಡಿದರೆ ಕೋವಿಯ ಮುಂದೆ ಒಂದು ಹೊರೆ ಹುಲ್ಲು, ಒಂದು ಬಾನಿ ನೀರು.

"ಇದೇನೋ?"

"ಒಣಗಿದೆ ಅಂದೆಯಲ್ಲವ್ವ. ನೀರಿಟ್ಟೆ. ಇನ್ನೂ ಮುಟ್ಟಿಲ್ಲ."

ದೇಚವ್ವ ಹಣೆಗೆ ಕೈ ಇಟ್ಟುಕೊಂಡು ಒಳಗೆ ಹೋದಳು.

ಆ ಊರಲ್ಲಿ ಕೈಲ್ಪೊಳ್ದ್ ಹಬ್ಬದ ದಿನ ಕೋವಿ ಕತ್ತಿಗಳಿಗೆ ಪೂಜೆ ಮಾಡಿ, ಆಮೇಲೆ ಎಲ್ಲರೂ ಮೈದಾನಕ್ಕೆ ಹೋಗಿ ತೆಂಗಿನಕಾಯಿಗೆ ಗುಂಡು ಹೊಡೆಯುತ್ತಿದ್ದರು. ಮೊದಲ ಈಡು ಹೊಡೆಯುವ ಹಕ್ಕು ದೇಚವ್ವನ ಮನೆಯದು. ಅವಳ ಮಾವನ ಕಾಲದಿಂದ ಬಂದ ಮರ್ಯಾದೆ. ಆದರೆ ಹೋದ ವರ್ಷ ಆಗಿದ್ದೇನು? ಮದ್ದು ಅಳೆದು ಹಾಕಿದ್ದಳು, ನಾರು ತುರುಕಿದ್ದಳು, ಗುಂಡು ಇಳಿಸಿದ್ದಳು, ಎಲ್ಲ ಸರಿ ಇತ್ತು. ಕೇಪು ಮಾತ್ರ ಥಂಡಿ ಹಿಡಿದಿತ್ತು. ಕೇಪು ಅಂದರೆ ಬಟಾಣಿಗಿಂತ ಚಿಕ್ಕ ತಾಮ್ರದ ಟೋಪಿ. ಅದು ಕಿಡಿ ಕಾರಿದರೆ ಕೋವಿ, ಕಾರದಿದ್ದರೆ ಬರೀ ಕೊಳವೆ. ದೇಚವ್ವ ಗುರಿ ಹಿಡಿದು ಎಳೆದಳು. ಟಿಕ್. ಕೇಪು ಬದಲಿಸಿ ಎಳೆದಳು. ಟಿಕ್. ಮತ್ತೂ ಎಳೆದಳು. ಟಿಕ್.

ಪಕ್ಕದ ಮನೆ ಮೇದಪ್ಪ, "ಎಲ್ಲೋ ಹಲ್ಲಿ ಲೊಚಗುಟ್ಟಿತು ನೋಡಿ" ಅಂದ. ಊರೆಲ್ಲ ನಕ್ಕಿತು.

ಊರಿನ ಹಿರಿಯ ಬೋಪಯ್ಯಜ್ಜ. ಅವನನ್ನು ತಕ್ಕ ಅನ್ನುತ್ತಾರೆ, ಅವನು ಹೇಳಿದ್ದೇ ತೀರ್ಪು. ಅವನು, "ಇನ್ನೊಂದು ವರ್ಷ ನೋಡೋಣ ದೇಚವ್ವ. ಬರುವ ಸಲವೂ ಹೀಗಾದರೆ ಮೊದಲ ಈಡು ಮೇದಪ್ಪನ ಮನೆಗೆ" ಅಂದುಬಿಟ್ಟ. ಅವತ್ತಿನಿಂದ ದೇಚವ್ವನಿಗೆ ಹಲ್ಲಿ ಲೊಚಗುಟ್ಟಿದರೂ ಮೈ ಉರಿಯುತ್ತಿತ್ತು.

ಈ ವರ್ಷ ಹಬ್ಬ ಹತ್ತಿರ ಬಂತು. ದೇಚವ್ವ ಮಗನನ್ನು ಕರೆದಳು.

"ಪಳಂಗಾ, ಪೇಟೆಗೆ ಹೋಗಿ ಕೋವಿ ಮದ್ದಿನಂಗಡಿಯಲ್ಲಿ ಒಂದು ಡಬ್ಬಿ ಕೇಪು ತಾ. ನೋಡಿ ತಾ. ಒಂದೂ ಸುಳ್ಳಾಗಬಾರದು."

"ಒಂದೂ ಸುಳ್ಳಾಗಬಾರದು" ಅಂದುಕೊಳ್ಳುತ್ತ ಪಳಂಗಪ್ಪ ಹೋದ. ಸಂಜೆ ಕುಣಿಯುತ್ತ ಬಂದ. ಡಬ್ಬಿ ಕೈಗೆ ಕೊಟ್ಟ. ದೇಚವ್ವ ಮುಚ್ಚಳ ತೆಗೆದಳು. ಒಳಗೆ ಚಪ್ಪಟೆಯಾದ ತಾಮ್ರದ ಚೂರುಗಳು.

"ಏನೋ ಇದು?"

"ನೋಡಿ ತಾ ಅಂದೆಯಲ್ಲವ್ವ. ದಾರಿ ಬದಿ ಬಂಡೆ ಮೇಲಿಟ್ಟು ಒಂದೊಂದನ್ನೂ ಕಲ್ಲಿಂದ ಕುಟ್ಟಿ ನೋಡಿದೆ. ಎಲ್ಲ ಚಟ್ ಅಂದವು. ಒಂದೂ ಸುಳ್ಳಿಲ್ಲ. ಅಂಗಡಿಯವನು ಒಳ್ಳೇ ಮನುಷ್ಯ."

ದೇಚವ್ವ ಜಗಲಿಯ ಮೇಲೆ ಕುಸಿದು ಕೂತಳು. ಅಂಗಡಿಯಲ್ಲಿದ್ದ ಕೊನೇ ಡಬ್ಬಿ ಅದು.

"ಅಯ್ಯೋ ಪೆದ್ದೇ, ಅಂಥದ್ದನ್ನು ಕುಟ್ಟುತ್ತಾರೇನೋ? ಒಣ ಬಟ್ಟೆಯಲ್ಲಿ ಸುತ್ತಿ, ಒಂದು ಹನಿ ನೀರು ತಾಗದ ಹಾಗೆ, ಎದೆಗವಚಿಕೊಂಡು ತರಬೇಕು. ತಂದು ಒಲೆಯ ಮೇಲಿನ ಅಟ್ಟದಲ್ಲಿ ಬೆಚ್ಚಗೆ ಇಡಬೇಕು."

"ಹಾಗೋ? ಇನ್ನು ಹಾಗೇ ಮಾಡ್ತೀನವ್ವ."

ಮಾರನೆಯ ದಿನ ತೋಟದ ಕೆಲಸ. ದೇಚವ್ವ, "ಅತ್ತೆ ಮನೆಯಿಂದ ಮೆಣಸಿನ ಸಸಿ ತಾ, ನಾಳೆ ನೆಡೋಣ" ಅಂದಳು. ಪಳಂಗಪ್ಪ ಹೋದ. ಸಸಿ ಕಿತ್ತ. ಬೇರಿನ ಮಣ್ಣು ಒದ್ದೆ ಅಂತ ಕೊಡವಿದ. ಒಣ ಬಟ್ಟೆಯಲ್ಲಿ ಸುತ್ತಿ ಎದೆಗವಚಿಕೊಂಡು ಬಂದ. ದಾರಿಯಲ್ಲಿ ತುಂತುರು ಹನಿದರೆ ಮರದಡಿ ನಿಂತ, ಬಿಸಿಲು ಬಂದ ಮೇಲೆ ನಡೆದ. ಮನೆಗೆ ಬಂದು ಒಲೆಯ ಮೇಲಿನ ಅಟ್ಟದಲ್ಲಿಟ್ಟ.

ಬೆಳಿಗ್ಗೆ ದೇಚವ್ವ ಇಳಿಸಿ ನೋಡಿದರೆ ಸಸಿ ಹೊಗೆಸೊಪ್ಪಿನ ಹಾಗೆ ಸುರುಟಿಕೊಂಡಿದೆ.

"ಏ ಮಂಕೇ, ಜೀವ ಇರುವುದನ್ನು ಒಣಗಿಸುತ್ತಾರೇನೋ? ಒದ್ದೆ ಮಣ್ಣಿನಲ್ಲಿ ಹೂತು, ಮೇಲೆ ಗೋಣಿ ಮುಚ್ಚಿ, ದಾರಿಯುದ್ದಕ್ಕೂ ನೀರು ಚಿಮುಕಿಸುತ್ತ ತರಬೇಕು."

"ಹಾಗೋ? ಇನ್ನು ಹಾಗೇ ಮಾಡ್ತೀನವ್ವ."

ಈಗ ಕೇಪಿಗೆ ಏನು ಮಾಡುವುದು? ದೇಚವ್ವನ ತಮ್ಮ ಉತ್ತಯ್ಯ ಪಕ್ಕದೂರಲ್ಲಿದ್ದ. ಅವನ ಹತ್ತಿರ ಒಂದು ಡಬ್ಬಿ ಇತ್ತು. ದೇಚವ್ವ ತಾನೇ ಹೋಗಬೇಕಿತ್ತು, ಆದರೆ ಎಮ್ಮೆ ಈಯುವುದರಲ್ಲಿತ್ತು. "ಮಗಾ, ಮಾವನ ಮನೆಗೆ ಹೋಗಿ ಕೇಪು ಇಸಕೊಂಡು ಬಾ. ಕಲ್ಲು ಮುಟ್ಟೀಯ, ಜೋಕೆ. ನಾನು ಹೇಳಿಕೊಟ್ಟ ಹಾಗೆ ತಾ" ಅಂದಳು. ಹಾಗಂದಳೇ ಹೊರತು ಯಾವತ್ತು ಹೇಳಿಕೊಟ್ಟ ಹಾಗೆ ಅಂತ ಹೇಳಲಿಲ್ಲ.

ಪಳಂಗಪ್ಪ ಕಲ್ಲು ಮುಟ್ಟಲಿಲ್ಲ. ಕಲ್ಲು ಕಂಡರೆ ಸುತ್ತು ಹಾಕಿಕೊಂಡು ನಡೆದ. ಸಂಜೆ ತಲೆ ಮೇಲೆ ಒಂದು ಬುಟ್ಟಿ ಕೆಸರು ಹೊತ್ತು, ಮೈಯೆಲ್ಲ ತೊಯ್ದು ಬಂದ.

"ಕೇಪು ಎಲ್ಲೋ?"

"ಕೆಸರಿನೊಳಗೆ ಇದೆಯವ್ವ. ಸಾಲಾಗಿ ಹೂತಿದ್ದೀನಿ. ಹಳ್ಳ ಸಿಕ್ಕಿದಲ್ಲೆಲ್ಲ ನೀರು ಚಿಮುಕಿಸಿದೆ. ಇನ್ನೂ ಮೊಳಕೆ ಬಂದಿಲ್ಲ."

ಈ ಸಲ ದೇಚವ್ವ ಬೈಯಲೂ ಇಲ್ಲ. ಸುಮ್ಮನೆ ಕೂತು ಕೆಸರಿನಿಂದ ಒಂದೊಂದೇ ಕೇಪು ಹೆಕ್ಕಿದಳು. ತೊಳೆದಳು, ಬಿಸಿಲಿಗೆ ಹರವಿದಳು, ಕೋಳಿ ಕೆದಕದ ಹಾಗೆ ಎರಡು ದಿನ ಕಾದಳು. ಮೂರನೇ ದಿನ ಖಾಲಿ ಕೋವಿಗೆ ಒಂದು ಕೇಪು ಸಿಕ್ಕಿಸಿ ಅಂಗಳದ ಕಡೆ ಎಳೆದಳು. ಟಿಕ್. ಮತ್ತೊಂದು. ಟಿಕ್. ಅವಳ ಕಣ್ಣಲ್ಲಿ ನೀರು ಬಂತು. ಮಾವನ ಕಾಲದಿಂದ ಬಂದ ಮರ್ಯಾದೆ ತನ್ನ ಕಾಲಕ್ಕೆ ಕೆಸರು ಪಾಲಾಯಿತಲ್ಲ ಅನ್ನಿಸಿತು.

ಅಷ್ಟರಲ್ಲಿ ಉತ್ತಯ್ಯ ಅಕ್ಕನನ್ನು ಮಾತಾಡಿಸಲು ಬಂದ. ಬಂದವನು ನೋಡುತ್ತಾನೆ, ಪಳಂಗಪ್ಪ ಕೋವಿಯ ಬಾಯಿಗೆ ಒಂದು ಕಣ್ಣಿಟ್ಟು, "ಯಾಕೆ ಮಾತಾಡಲ್ಲ ನೀನು?" ಅಂತ ಕೇಳುತ್ತಿದ್ದಾನೆ. ಉತ್ತಯ್ಯ ಓಡಿಬಂದು ಅವನ ಜುಟ್ಟು ಹಿಡಿದು ಎಳೆದ.

"ಖಾಲಿಯೋ ತುಂಬಿದ್ದೋ, ಕೋವಿ ಬಾಯಿಗೆ ಮುಖ ಇಡುತ್ತಾರೇನೋ? ಕೇಳಿಲ್ಲಿ. ಒಂದು ಸಲಕ್ಕೆ ಸದ್ದು ಬರಲಿಲ್ಲ ಅಂದರೆ ಅದು ತಡವಾಗಿ ಹಾರಬಹುದು. ಬಾಯಿಯನ್ನು ಆಚೆ ತಿರುಗಿಸಿ ಹಿಡಿದು ಸುಮ್ಮನೆ ಕಾಯಬೇಕು. ಆಗಲೂ ಸದ್ದಿಲ್ಲವೋ, ನೀರಿನಲ್ಲಿ ಮುಳುಗಿಸಿಬಿಡಬೇಕು. ಮತ್ತೆ ಭಯ ಇಲ್ಲ."

"ಹಾಗೋ? ಇನ್ನು ಹಾಗೇ ಮಾಡ್ತೀನಿ ಮಾವ."

ಉತ್ತಯ್ಯ ಸೊಂಟದ ಚೀಲ ತಡಕಿದ. ಒಂದೇ ಒಂದು ಒಣ ಕೇಪು ಉಳಿದಿತ್ತು. "ತಗೋ ಅಕ್ಕಾ. ಇದು ಸುಳ್ಳು ಹೇಳುವ ಕೇಪಲ್ಲ" ಅಂತ ಕೊಟ್ಟ. ದೇಚವ್ವ ಅದನ್ನು ತನ್ನ ಸೆರಗಿನ ತುದಿಗೆ ಗಂಟು ಹಾಕಿಕೊಂಡಳು. ಮಗನಿಗೆ ತೋರಿಸಲೂ ಇಲ್ಲ.

ಹಬ್ಬದ ಹಿಂದಿನ ದಿನ ತಕ್ಕನನ್ನು ಮನೆಗೆ ಹೋಗಿ ಕರೆಯಬೇಕು, ಅದು ಪದ್ಧತಿ. ಕೇಪು ತರುವ ಕೆಲಸ ಅಲ್ಲವಲ್ಲ, ಬರೀ ಬಾಯಿ ಮಾತು, ಇದರಲ್ಲಿ ಏನು ಕೆಡಿಸಿಯಾನು ಅಂತ ದೇಚವ್ವ ಪಳಂಗಪ್ಪನನ್ನೇ ಕಳಿಸಿದಳು.

ಬೋಪಯ್ಯಜ್ಜ ಊಟ ಮಾಡಿ ಜಗಲಿಯಲ್ಲಿ ಮಲಗಿದ್ದ. ಕಿವಿ ಮೊದಲೇ ಮಂದ.

"ಅಜ್ಜಾ, ನಾಳೆ ಬರಬೇಕಂತೆ" ಅಂದ ಪಳಂಗಪ್ಪ. ಸದ್ದಿಲ್ಲ.

ಪಳಂಗಪ್ಪನಿಗೆ ಮಾವನ ಮಾತು ನೆನಪಾಯಿತು. ಒಂದು ಸಲಕ್ಕೆ ಸದ್ದು ಬರಲಿಲ್ಲ. ಮೆಲ್ಲಗೆ ಅಜ್ಜನ ಗದ್ದ ಹಿಡಿದು ಬಾಯಿಯನ್ನು ಗೋಡೆಯ ಕಡೆ ತಿರುಗಿಸಿದ. ಹಾಗೇ ಹಿಡಿದುಕೊಂಡು ಕಾದ. ಸದ್ದಿಲ್ಲ. ಅಜ್ಜನನ್ನು ಜೋಪಾನವಾಗಿ ಎತ್ತಿದ, ಅಂಗಳಕ್ಕೆ ಇಳಿದ, ದನ ನೀರು ಕುಡಿಯುವ ಕಲ್ಲುಬಾನಿಯಲ್ಲಿ ಮುಳುಗಿಸಿದ.

ಅಜ್ಜ ಹಾರಿದ. ಅವನ ಬಾಯಿಂದ ಬಂದ ಬೈಗುಳಕ್ಕೆ ಕೊಟ್ಟಿಗೆಯ ದನಗಳು ಹಗ್ಗ ಕಿತ್ತುಕೊಂಡವು.

ಪಳಂಗಪ್ಪ ಮನೆಗೆ ಬಂದು, "ಮಾವ ಹೇಳಿದ್ದು ನಿಜ ಅವ್ವ. ತಡವಾಗಿ ಹಾರಿತು" ಅಂದ.

ವಿಷಯ ತಿಳಿದು ದೇಚವ್ವ ಒಂದು ಕುಡಿಕೆ ಜೇನು ಹಿಡಿದು, ಮಗನನ್ನೂ ಎಳೆದುಕೊಂಡು ಓಡಿದಳು. ಒದ್ದೆ ಗಡ್ಡ ಹಿಂಡುತ್ತಿದ್ದ ಅಜ್ಜನ ಕಾಲಿಗೆ ಬಿದ್ದಳು. ಅಜ್ಜ ಸೀನಿದ, ಜೇನು ನೆಕ್ಕಿದ, "ನಾಳೆ ಜ್ವರ ಬರದಿದ್ದರೆ ಬರುತ್ತೇನೆ" ಅಂದ. ವಾಪಸು ಬರುವ ದಾರಿಯುದ್ದಕ್ಕೂ ದೇಚವ್ವ ಮಗನಿಗೆ ಬುದ್ಧಿ ಹೇಳಿದಳು.

"ಗಡ್ಡ ಬಿಟ್ಟ ಹಿರಿಯರು ಕಂಡರೆ ಬಿಸಿಲಲ್ಲಿ ಗಾಳಿಯಲ್ಲಿ ಬಿಡಬಾರದು ಕಣೋ. ಎರಡೂ ಕೈಯಿಂದ ಹಿಡಿದು ಕರಕೊಂಡು ಬಂದು, ಚಾಪೆ ಮೇಲೆ ಕೂರಿಸಿ, ಮುಂದೆ ವೀಳ್ಯದೆಲೆ ಅಡಿಕೆ ಇಡಬೇಕು."

"ಹಾಗೋ? ಇನ್ನು ಹಾಗೇ ಮಾಡ್ತೀನವ್ವ."

ಹಬ್ಬ ಬಂತು. ಅಜ್ಜನಿಗೆ ಜ್ವರ ಬರಲಿಲ್ಲ. ಪಳಂಗಪ್ಪ ಅವನನ್ನು ಎರಡೂ ಕೈಯಿಂದ ಹಿಡಿದು ಕರಕೊಂಡು ಬಂದು ಮೈದಾನದ ಅಂಚಿನಲ್ಲಿ ಚಾಪೆ ಮೇಲೆ ಕೂರಿಸಿದ, ಎಲೆ ಅಡಿಕೆ ಇಟ್ಟ. ದೇಚವ್ವನಿಗೆ ಸಮಾಧಾನ ಆಯಿತು.

ಮರದ ತುದಿಯಲ್ಲಿ ಎಲೆಗಳ ನಡುವೆ ಒಂದು ನೆಲುವು ತೂಗುತ್ತಿತ್ತು, ಹಗ್ಗದ ಆ ಬಲೆಯೊಳಗೆ ತೆಂಗಿನಕಾಯಿ. ಎಲ್ಲರ ಕಣ್ಣು ದೇಚವ್ವನ ಕೈ ಮೇಲೆ. ಅವಳು ಮದ್ದು ಅಳೆದಳು, ನಾರು ತುರುಕಿದಳು, ಗುಂಡು ಇಳಿಸಿದಳು. ಸೆರಗಿನ ಗಂಟು ಬಿಚ್ಚಿ ಆ ಒಂದೇ ಕೇಪನ್ನು ತೆಗೆದಳು. ಸುಳ್ಳಾದರೆ ಇನ್ನೊಂದಿಲ್ಲ.

"ಹಲ್ಲಿಗೆ ಊಟ ಹಾಕಿದ್ದೀಯಾ ದೇಚವ್ವ?" ಅಂದ ಮೇದಪ್ಪ.

ದೇಚವ್ವ ಕೇಪು ಸಿಕ್ಕಿಸಿದಳು, ಕುದುರೆ ಎಳೆದಳು, ಬಿಸಿಲಿಗೆ ಕಣ್ಣು ಕಿರಿದು ಮಾಡಿ ನೆಲುವಿಗೆ ಗುರಿ ಹಿಡಿದಳು.

ಢಂ.

ಬೆಟ್ಟ ತಿರುಗಿ ಢಂ ಅಂದಿತು. ನೆಲುವು ಚಿಂದಿ ಚಿಂದಿಯಾಗಿ ಹಾರಿತು. ದೇಚವ್ವನಿಗೆ ಒಂದು ವರ್ಷದಿಂದ ಹಿಡಿದಿಟ್ಟ ಉಸಿರು ಆಗ ಹೊರಬಂತು. ಜನ ಕೂಗಿದರು. ಆಮೇಲೆ ಕೂಗು ನಿಂತಿತು. ಮೇಲಿನಿಂದ ಒಂದು ಚೂರು ಚಿಪ್ಪೂ ಬೀಳಲಿಲ್ಲ.

"ಕಾಯಿ ಎಲ್ಲಿ?" ಅಂದ ಮೇದಪ್ಪ.

"ಇಲ್ಲಿದೆ" ಅಂತ ಪಳಂಗಪ್ಪ ಚಾಪೆ ತೋರಿಸಿದ. ಬೋಪಯ್ಯಜ್ಜನ ಪಕ್ಕದಲ್ಲಿ ತೆಂಗಿನಕಾಯಿ ಕೂತಿತ್ತು. ಮುಂದೆ ಎಲೆ ಅಡಿಕೆ. "ಪಾಪ, ಇಷ್ಟು ಗಡ್ಡ ಬಂದಿದೆ, ಬಿಸಿಲಲ್ಲಿ ತೂಗುಹಾಕಿದ್ದರು. ಅವ್ವ ಮದ್ದು ಅಳೆಯುವಾಗ ಹತ್ತಿ ಇಳಿಸಿಕೊಂಡು ಬಂದೆ."

ಅಜ್ಜ ಬಗ್ಗಿ ನೋಡಿದ. "ಓಹೋ, ಇದೋ. ಆಗಲಿಂದ ಮಾತಾಡಿಸುತ್ತಿದ್ದೇನೆ, ಯಾರಪ್ಪ ಇಷ್ಟು ಬಿಗುಮಾನದವನು ಅಂದುಕೊಂಡೆ."

ಮೈದಾನವೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಮೇದಪ್ಪ ಮಾತ್ರ, ಕಾಯಿ ಒಡೆದಿಲ್ಲ, ಈಡು ಲೆಕ್ಕಕ್ಕಿಲ್ಲ ಅಂತ ವಾದಕ್ಕೆ ನಿಂತ. ಅಜ್ಜ ಕೈ ಎತ್ತಿದ.

"ಕೇಪು ಮೊದಲ ಏಟಿಗೇ ಮಾತಾಡಿತು. ಗುಂಡು ನೆಲುವಿನ ನಡುವಿಗೇ ಹೋಯಿತು. ಕಾಯಿ ಅಲ್ಲಿದ್ದಿದ್ದರೆ ಉಳಿಯುತ್ತಿತ್ತೇನೋ ಮೇದಪ್ಪ? ಮೊದಲ ಈಡು ದೇಚವ್ವನ ಮನೆಯದೇ. ಮಾತು ಮುಗೀತು."

ಮೇದಪ್ಪನೂ ಕೊನೆಗೆ ಬಂದು, "ಗುರಿ ಮಾತ್ರ ಗುರಿಯೇ ಅಕ್ಕಾ" ಅಂದು ಹೋದ.

ಆಮೇಲೆ ಕಳ್ಳಿನ ಬಟ್ಟಲು ಸುತ್ತಿತು, ಅಜ್ಜನಿಗೆ ಎಲ್ಲರೂ ಒಂದೊಂದು ಕೊಟ್ಟರು. ದೇಚವ್ವನಿಗೆ ಕಾಲು ನೆಲದ ಮೇಲಿಲ್ಲ. ನೆಂಟರಿಗೆ ಪಾಯಸ ಮಾಡಬೇಕು, ಕಾಯಿ ಹಾಲು ಬೇಕು. ಮನೆಗೆ ಹೊರಡುವ ಅವಸರದಲ್ಲಿ ಮಗನಿಗೆ ಹೇಳಿದಳು: "ಪಳಂಗಾ, ಚಾಪೆ ಮೇಲೆ ಕೂರಿಸಿದ್ದೀಯಲ್ಲ, ಅದನ್ನು ತಾ. ಹಾಗೇ ತರಬೇಡ, ಅಲ್ಲಾಡಿಸಿ ನೋಡು. ಒಳಗೆ ಗುಳುಗುಳು ಅಂದರೆ ತಾ. ಅನ್ನದಿದ್ದರೆ ಅಲ್ಲೇ ಬಿಡು."

ಪಳಂಗಪ್ಪ ಚಾಪೆಯ ಹತ್ತಿರ ಹೋದ. ತಾನು ಕೂರಿಸಿದ್ದು ಇಬ್ಬರನ್ನು. ತೆಂಗಿನಕಾಯಿ ಎತ್ತಿ ಅಲ್ಲಾಡಿಸಿದ. ಒಣಗಿ ಕೊಬ್ಬರಿಯಾಗಿತ್ತು, ಸದ್ದಿಲ್ಲ. ಮೆಲ್ಲಗೆ ಕೆಳಗಿಟ್ಟ. ಗೊರಕೆ ಹೊಡೆಯುತ್ತಿದ್ದ ಅಜ್ಜನ ಎರಡೂ ಭುಜ ಹಿಡಿದು ಅಲ್ಲಾಡಿಸಿದ. ಒಳಗೆ ಗುಳುಗುಳು ಅಂದಿತು.

ದೇಚವ್ವ ಅಂಗಳದಲ್ಲಿ ನೆಂಟರ ಜೊತೆ ನಿಂತಿದ್ದಳು. ಪಳಂಗಪ್ಪ ಹೆಗಲ ಮೇಲೆ ಅಜ್ಜನನ್ನು ಹೊತ್ತು, ಬೆವರು ಸುರಿಸುತ್ತ ಗದ್ದೆಯ ಬದು ಹತ್ತಿ ಬಂದ. ಅಂಗಳದ ಕಲ್ಲಿನ ಹತ್ತಿರ ನಿಂತು ಏದುಸಿರು ಬಿಟ್ಟ.

"ತಂದೆ ಅವ್ವ. ಇದರಲ್ಲಿ ನೀರು ತುಂಬ ಇದೆ. ಎಲ್ಲಿ ಒಡೆಯಲಿ?"