ದುರ್ಗಿ ಬೆಕ್ಕುಗಳನ್ನ ಕಡಲು ದಾಟಿಸಿದ್ದು

ಒಂದಾನೊಂದು ಕಾಲದಲ್ಲಿ, ಮಗಾ, ಕಡಲ ನಡುವೆ ಒಂದು ಪುಟ್ಟ ಕುದ್ರು ಇತ್ತಂತೆ, ಸುತ್ತ ನೀರು, ನಡುವೆ ಹತ್ತೇ ಹತ್ತು ಮೀನುಗಾರರ ಮನೆ. ಜಟ್ಟಪ್ಪ ಅನ್ನೋನನ್ನ ಮದುವೆಯಾಗಿ ದುರ್ಗಿ ಅನ್ನೋ ಹುಡುಗಿ ಆಚೆ ದಡದಿಂದ ಅಲ್ಲಿಗೆ ಬಂದ್ಳಂತೆ. ತವರಿನ ಕಡೆ ನೋಡಿದ್ರೆ ಬರೀ ನೀರು. ಆದ್ರೆ ವರ್ಷಕ್ಕೊಮ್ಮೆ ಬಿಳೀ ಕಡಲಹಕ್ಕಿಗಳು ಆ ದಿಕ್ಕಿಂದ್ಲೇ ಬಂದು ಮರಳಲ್ಲಿ ಮೊಟ್ಟೆ ಇಡ್ತಿದ್ವಂತೆ. ದುರ್ಗಿ ಅವುಗಳ ಹತ್ರ ಕೂತು, ನಮ್ಮವ್ವ ಹ್ಯಾಗಿದ್ದಾಳೆ, ಕಾಲುನೋವು ಕಡಿಮೆಯಾಯ್ತಾ ಅಂತ ಕೇಳ್ತಿದ್ಳಂತೆ. ಗಂಡಸ್ರಿಗೂ ಆ ಹಕ್ಕಿ ಬೇಕು. ಅವು ಎಲ್ಲಿ ನೀರಿಗೆ ಎರಗ್ತಾವೋ ಅಲ್ಲೇ ಮೀನು ಅಂತ ಬಲೆ ಬೀಸೋರು.

ಆಮೇಲೆ ಇಲಿ ಕಾಟ ಜಾಸ್ತಿಯಾಯ್ತಂತೆ. ದುರ್ಗಿ ಒಮ್ಮೆ ತವರಿಗೆ ಹೋದಾಗ ಅವ್ವ ಎರಡು ಬೆಕ್ಕಿನ ಮರಿ ಮಡಿಲಿಗೆ ಹಾಕಿ ಕಳಿಸಿದ್ಳು. ಇಲಿ ಕಡಿಮೆಯಾಯ್ತು. ಆದ್ರೆ ಎರಡಿದ್ದದ್ದು ಎಂಟಾಗಿ, ಎಂಟು ಎಂಬತ್ತಾಗಿ, ಪೊದೆ ಸೇರಿ, ಯಾರ ಕೈಗೂ ಸಿಗದೆ, ಹಕ್ಕಿಯ ಮೊಟ್ಟೆ, ಮರಿ ಒಂದನ್ನೂ ಬಿಡಲಿಲ್ವಂತೆ. ಒಂದು ವರ್ಷ ಹಕ್ಕಿ ಬರಲೇ ಇಲ್ಲ. ಜಟ್ಟಪ್ಪ ದಿನವಿಡೀ ಹುಟ್ಟು ಹಾಕಿ ಬರಿಗೈಲಿ ಬಂದ. ದುರ್ಗಿ ಮರಳಲ್ಲಿ ನಿಂತು, ತವರಿನ ದಾರಿ ನಾನೇ ಮುಚ್ಚಿಬಿಟ್ನಲ್ಲಾ ಅಂತ ಅತ್ಳಂತೆ.

ಊರೋರು ಮೊದಲು, ಬೆಕ್ಕುಗಳನ್ನ ಚೀಲಕ್ಕೆ ತುಂಬಿ ಕಡಲಿಗೆ ಹಾಕೋಣ ಅಂದ್ರು. ಹ್ಯಾಗೋ ಒಂದನ್ನ ಹಿಡಿದು ತುಂಬಿದ್ರೆ ಅದು ಕೂಸಿನ ಹಾಗೆ ಕೂಗ್ತು, ಕಟ್ಟಿದ ಕೈಯೇ ಚೀಲ ಬಿಚ್ತಂತೆ. ಆಮೇಲೆ ನಾಯಿ ತಂದ್ರು. ಬೆಕ್ಕುಗಳು ಮರ ಹತ್ತಿದ್ವು, ನಾಯಿ ಒಣಮೀನೆಲ್ಲ ತಿಂದು ಮಲಗ್ತು! ಮೂರನೇ ಸಲ ದುರ್ಗಿ ಹೇಳಿದ್ಳಂತೆ, ತಂದವಳು ನಾನು, ಕಳಿಸೋಳೂ ನಾನೇ. ಮೀನಿನ ಕರುಳು ದಡದಲ್ಲಿ ಬಿಸಾಡಬೇಡಿ, ಅಕ್ಕಿಗೆ ಮುಚ್ಚಳ ಹಾಕಿ, ಇಲಿಗೆ ಬೋನಿಡಿ.

ಬೆಕ್ಕುಗಳಿಗೆ ಹಸಿವಾಯ್ತು. ಆಮೇಲೆ ಅವಳು ಬಿದಿರಿನ ಬೋನು ಹೆಣೆದು, ಒಳಗೆ ಒಣಸೀಗಡಿ ಇಟ್ಟು, ಸಿಕ್ಕಿದ್ದನ್ನ ದೋಣೀಲಿ ಆಚೆ ದಡಕ್ಕೆ ಒಯ್ದು, ಇಲಿ ಕಾಟ ಇರೋ ಮನೆಮನೆಗೂ ಕೊಟ್ಟು ಬಂದ್ಳಂತೆ. ತವರು ಅಲ್ಲಿಂದ ಇನ್ನೊಂದು ಹಗಲಿನ ನಡಿಗೆ. ದೋಣಿ ಕಾಯೋದಿಲ್ಲ ಅಂತ ಪ್ರತಿಸಲ ಆ ದಾರಿ ನೋಡಿ, ನೋಡಿ, ತಿರುಗಿ ಬರ್ತಿದ್ಳಂತೆ.

ಕೊನೆಗೆ ಉಳಿದದ್ದು ಅವ್ವ ಕೊಟ್ಟ ಎರಡರಲ್ಲಿ ಒಂದು, ಮುದಿ ಬೆಕ್ಕು. ಅದು ಬೋನಿಗೆ ಬೀಳದೆ ತಾನಾಗೇ ಬಂದು ಅವಳ ತೊಡೆ ಮೇಲೆ ಮಲಗ್ತಂತೆ. ಇದೊಂದು ಇರಲಿ ಬಿಡೇ ಅಂದ ಜಟ್ಟಪ್ಪ. ದುರ್ಗಿಗೂ ಆಸೆಯೇ. ಆದ್ರೂ, ಗೂಡು ಬರಿದಾಗ್ಲಿಕ್ಕೆ ಒಂದು ಬಾಯಿ ಸಾಕು ಮಾರಾಯ್ರೇ ಅಂದವಳೇ, ಅದನ್ನ ಸೆರಗಲ್ಲಿ ಸುತ್ಕೊಂಡು ಕಡಲು ದಾಟಿ, ದೋಣಿ ಹೋದ್ರೆ ಹೋಗ್ಲಿ ಅಂತ ಈ ಸಲ ತವರಿಗೇ ನಡೆದ್ಳಂತೆ. ಅವ್ವ ಬಾಗಿಲಲ್ಲಿ ಕೂತಿದ್ಳು, ಕಣ್ಣು ಮಂಜಾಗಿತ್ತು. ಬೆಕ್ಕನ್ನ ಸವರಿ, ಆಮೇಲೆ ಮಗಳ ಮುಖ ಸವರಿ, ಇಷ್ಟು ವರ್ಷ ಬೇಕಾಯ್ತೇನೇ ಅಂದ್ಳಂತೆ.

ಬೆಕ್ಕು ಹೋದ ಮೊದಲ ವರ್ಷ ಹಕ್ಕಿ ಬರಲಿಲ್ಲ. ಎರಡನೇ ವರ್ಷ ಸುತ್ತು ಹಾಕಿ ಹೋದ್ವು. ಮೂರನೇ ವರ್ಷ ಒಂದೇ ಒಂದು ಜೋಡಿ ಇಳೀತಂತೆ. ದುರ್ಗಿ ದೂರದಲ್ಲೇ ಕೂತ್ಳು. ಮೊಟ್ಟೆ ಒಡೆದು ಮರಿ ಎದ್ದು ನಿಂತದ್ದೇ ತಡ, ದೋಣಿ ಇಳಿಸಿ, ಅವ್ವಂಗೆ ಹೇಳಿ ಬರಬೇಕು ಅಂದ್ಳಂತೆ ಗಂಡನಿಗೆ. ಅವತ್ತಿಂದ ಹಕ್ಕಿ ಮರಿ ಮಾಡಿದಾಗೆಲ್ಲ ಆ ಸುದ್ದಿ ಹೊತ್ಕೊಂಡು ಅವಳು ತವರಿಗೆ ಹೋಗಿ ಬರ್ತಿದ್ಳು. ಕುದ್ರು ತಣ್ಣಗಿತ್ತು, ಬಲೆ ತುಂಬಿತ್ತು, ಕತೆ ಇಲ್ಲಿಗೆ ಮುಗೀತು, ನೀನಿನ್ನು ಮಲಗು ಕಂದಾ.